ಸಹಾಯ ಬೇಕು: ಔಷಧಿ ಚೀಟಿಯಲ್ಲಿ ಹಳೇ ಕೋಡ್ ಬಂದು ಕೂರುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯ ಮನೆಯಲ್ಲೇ ಕೂತು ಆಸ್ಟ್ರೇಲಿಯಾದ ಡಾಕ್ಟರುಗಳು ಔಷಧಿ ಚೀಟಿ ಬರೆಯುವ ಸಾಫ್ಟ್‌ವೇರ್ ಒಂದನ್ನು ಟೆಸ್ಟ್ ಮಾಡುತ್ತೇನೆ.

ಅಲ್ಲಿ ಸರ್ಕಾರದ ಸಬ್ಸಿಡಿ ಇರುವ ಕೆಲವು ಔಷಧಿಗಳಿಗೆ ಮೊದಲೇ ಅನುಮತಿ ಬೇಕು. 2007ರ ಜುಲೈಯಿಂದ ಅವುಗಳಲ್ಲಿ ಎಷ್ಟೋ ಔಷಧಿಗಳಿಗೆ ಫೋನ್ ಮಾಡಿ ಕೇಳುವ ಕಾಟ ತಪ್ಪಿದೆ. ಚೀಟಿ ಮೇಲೆ ಕೋಡ್ ಹಾಕಿದರೆ ಸಾಕು. ಡಾಕ್ಟರಿಗೆ ಸುಲಭ ಆಯ್ತು, ತಲೆನೋವು ನಮ್ಮ ಪಾಲಿಗೆ ಬಂತು! ಯಾಕಂದ್ರೆ ಕೋಡ್ ಬರೀ ಔಷಧಿಗಲ್ಲ, ಕಾಯಿಲೆಗೂ ಸೇರಿದ್ದು. ಮಾತ್ರೆ ಒಂದೇ ಆದರೂ ಕಾಯಿಲೆ ಬೇರೆ ಆದರೆ ಕೋಡ್ ಬೇರೆ ಇರಬಹುದು. ಮೇಲಿಂದ ಪ್ರತಿ ತಿಂಗಳು 1ನೇ ತಾರೀಕು ಹೊಸ ಪಟ್ಟಿ.

ಈಗ ಸಮಸ್ಯೆ ಏನಂದ್ರೆ, ಹಳೇ ಚೀಟಿಯನ್ನೇ ಮತ್ತೆ ಪ್ರಿಂಟ್ ಕೊಟ್ಟರೆ ರದ್ದಾದ ಕೋಡ್ ಸುಮ್ನೆ ಬಂದು ಕೂರುತ್ತದೆ. ಒಂದು ಎಚ್ಚರಿಕೆಯೂ ಇಲ್ಲ. ಹೊಸ ಕೋಡನ್ನು ಸಾಫ್ಟ್‌ವೇರೇ ಹುಡುಕಿ ಹಾಕಲಿ ಅಂತ ಟೀಮಿನವರ ವಾದ. ನನಗೆ ಅದು ಸರಿ ಕಾಣುತ್ತಿಲ್ಲ. ಕಾಯಿಲೆ ಯಾವುದು ಅಂತ ಡಾಕ್ಟರೇ ಹೇಳಬೇಕು, ಅಲ್ವಾ?

ಗುಂಪಿನಲ್ಲಿರುವ ಡಾಕ್ಟರುಗಳೇ, ಪೇಶಂಟ್ ಎದುರಿಗೆ ಕೂತಿರುವಾಗ ಸ್ಕ್ರೀನ್ ಮೇಲೆ ಇನ್ನೊಂದು ಪ್ರಶ್ನೆ ಬಂದರೆ ಓದುತ್ತೀರಾ, ಓಕೆ ಒತ್ತಿ ಮುಂದೆ ಹೋಗುತ್ತೀರಾ? ನಿಜ ಹೇಳಿ. ಇಂಥದ್ದು ಮಾಡಿದ ಡೆವಲಪರ್‌ಗಳಿದ್ದರೆ ನೀವೂ ತಿಳಿಸಿ. ಶುಕ್ರವಾರ ಮೀಟಿಂಗ್ ಇದೆ. ಮಳೆಗೆ ಇಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿದೆ, ನನ್ನ ಉತ್ತರ ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ.