ಸೊಪ್ಪು ನಿಲ್ಲಿಸಿದ ಮೇಲೆ ಕಾಲೆಳೆಯುತ್ತಿರುವ ಗಿನಿಪಿಗ್: ವೈದ್ಯರ ಆಹಾರ ಸಲಹೆಯನ್ನು ಪ್ರಶ್ನಿಸಬಹುದೇ?

ಪ್ರಶ್ನೆ (ಕಲಬುರಗಿಯ ಸದಸ್ಯೆ):

ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಮ್ಮ ಮನೆಯಲ್ಲಿ ಒಂದೂವರೆ ವರ್ಷದ ಎರಡು ಗಿನಿಪಿಗ್‌ಗಳಿವೆ. ಐದು ವಾರಗಳ ಹಿಂದೆ ಒಂದಕ್ಕೆ ಭೇದಿಯಾದಾಗ, ನಮ್ಮ ಎಮ್ಮೆಗಳನ್ನು ಹಲವು ವರ್ಷಗಳಿಂದ ನೋಡುತ್ತಿರುವ ವೈದ್ಯರಿಗೇ ಅದನ್ನು ತೋರಿಸಿದೆವು. ಅವರು ಹಸಿ ಸೊಪ್ಪು, ತರಕಾರಿಗಳನ್ನು ಪೂರ್ತಿ ನಿಲ್ಲಿಸಿ ಮೊಲದ ಪೆಲೆಟ್ ಮತ್ತು ನೆನೆಸಿದ ಕಡಲೆ ಕೊಡಲು ಹೇಳಿದರು. ಭೇದಿ ಎರಡೇ ದಿನಗಳಲ್ಲಿ ನಿಂತಿತು. ಆದರೆ ಕಳೆದ ವಾರದಿಂದ ಅದೇ ಗಿನಿಪಿಗ್ ಹಿಂಗಾಲು ಎಳೆಯುತ್ತ ನಡೆಯುತ್ತಿದೆ, ಎತ್ತಿಕೊಂಡರೆ ಚೀರುತ್ತದೆ. ಮತ್ತೆ ತೋರಿಸಿದಾಗ ಕ್ಯಾಲ್ಸಿಯಂ ಕೊರತೆಯೆಂದು ಸಿರಪ್ ಬರೆದು, ಕುಡಿಯುವ ನೀರಿಗೆ ಮಲ್ಟಿವಿಟಮಿನ್ ಹನಿ ಬೆರೆಸಲು ತಿಳಿಸಿದರು. ನಡುರಾತ್ರಿ ಕರೆದರೂ ಬಂದು ನಮ್ಮ ಎಮ್ಮೆಯ ಹೆರಿಗೆ ಮಾಡಿಸಿದವರು ಅವರು. ಅವರ ಮಾತನ್ನು ಅನುಮಾನಿಸಲು ಸಂಕೋಚವಾಗುತ್ತದೆ, ಆದರೆ ಪ್ರಾಣಿಯ ಸ್ಥಿತಿ ನೋಡಿದರೆ ಸುಮ್ಮನಿರಲೂ ಆಗುತ್ತಿಲ್ಲ. ಈ ಆಹಾರ ಸರಿಯೇ?

ಉತ್ತರ (ಪಶುವೈದ್ಯರು, ಬೀದರ್):

ನಮಸ್ಕಾರ ಅಕ್ಕಾವ್ರೇ. ಪ್ರಾಣಿಯನ್ನು ಕೈಯಾರೆ ಪರೀಕ್ಷಿಸದೆ ರೋಗ ಇಂಥದ್ದೇ ಎಂದು ನಾನು ಹೇಳಲಾರೆ. ಆದರೆ ನೀವು ಬರೆದ ಕಾಲಕ್ರಮವನ್ನು ನೋಡಿದರೆ ಮೊದಲು ನೆನಪಾಗುವುದು ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ.

ಭೇದಿಯಾದಾಗ ಸೊಪ್ಪು ನಿಲ್ಲಿಸಿದ್ದು ತಪ್ಪಲ್ಲ, ನಾನಾಗಿದ್ದರೂ ಒಂದೆರಡು ದಿನ ನಿಲ್ಲಿಸುತ್ತಿದ್ದೆ. ಮತ್ತೆ ಯಾವಾಗ ಆರಂಭಿಸಬೇಕೆಂಬುದನ್ನು ಅವರು ಹೇಳಲಿಲ್ಲ, ನೀವೂ ಕೇಳಲಿಲ್ಲ, ಹೀಗೆ ಐದು ವಾರಗಳು ಕಳೆದವು. ದನ, ಎಮ್ಮೆ, ನಾಯಿ, ಮೊಲಗಳೆಲ್ಲ ವಿಟಮಿನ್ ಸಿಯನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಅದಕ್ಕೆ ಬೇಕಾದ ಕಿಣ್ವ ಗಿನಿಪಿಗ್‌ನಲ್ಲಿ ಇಲ್ಲ, ನಮ್ಮಲ್ಲೂ ಇಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು ಬರೀ ಧಾನ್ಯ ತಿನ್ನಿಸಿ ಸ್ಕರ್ವಿ ಬರಿಸಿದ್ದು ಇದೇ ಪ್ರಾಣಿಯಲ್ಲಿ. ಮೊಲಕ್ಕೆ ಈ ವಿಟಮಿನ್ ಬೇಕಿಲ್ಲದ ಕಾರಣ ಮೊಲದ ಪೆಲೆಟ್ ತಯಾರಿಸುವವರು ಅದನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲ, ಕಡಲೆಯಲ್ಲಂತೂ ಅದು ನಗಣ್ಯ. ಹಾಗಾಗಿ ಸೊಪ್ಪು ನಿಂತ ದಿನವೇ ನಿಮ್ಮ ಪ್ರಾಣಿಗೆ ವಿಟಮಿನ್ ಸಿ ದೊರೆಯುತ್ತಿದ್ದ ಒಂದೇ ದಾರಿಯೂ ಮುಚ್ಚಿತು. ಎರಡು ಮೂರು ವಾರಗಳಲ್ಲಿ ಕೀಲು ಬಾತು, ಮುಟ್ಟಿದರೆ ನೋವು, ಒರಟು ಕೂದಲು, ವಸಡಿನಲ್ಲಿ ರಕ್ತ, ಹೀಗೆ ಲಕ್ಷಣಗಳು ಕಾಣಿಸತೊಡಗುತ್ತವೆ. ಕರು ಹಾಕಿದ ಎಮ್ಮೆ ಏಳಲಾರದೆ ಮಲಗಿದಾಗ ಕ್ಯಾಲ್ಸಿಯಂ ಕೊಟ್ಟು ಎಬ್ಬಿಸಿದ ಅನುಭವವಿರುವ ವೈದ್ಯರಿಗೆ ಇಲ್ಲಿಯೂ ಅದೇ ಮೊದಲು ಹೊಳೆದಿದ್ದರೆ ಆಶ್ಚರ್ಯವಿಲ್ಲ. ಆದರೆ ಬೆಳೆದ ಗಿನಿಪಿಗ್‌ನಲ್ಲಿ ಹೆಚ್ಚುವರಿ ಕ್ಯಾಲ್ಸಿಯಂ ಮೂತ್ರದ ಮೂಲಕ ಹೊರಹೋಗುತ್ತದೆ, ಮೂತ್ರಕೋಶದಲ್ಲಿ ಕಲ್ಲಾಗುವ ಅಪಾಯವೂ ಇದೆ. ಆದ್ದರಿಂದ ಆ ಸಿರಪ್ ಮುಂದುವರಿಸಬೇಕೇ ಎಂದು ಇಂದೇ ಅವರಿಗೆ ಫೋನ್ ಮಾಡಿ ಕೇಳಿ.

ನೀರಿಗೆ ಹನಿ ಬೆರೆಸುವುದೂ ಪ್ರಯೋಜನವಿಲ್ಲದ ಕೆಲಸ. ಬೆಳಕು, ಬಿಸಿಗೆ ವಿಟಮಿನ್ ಸಿ ಬೇಗ ಕೆಡುತ್ತದೆ, ಅದರ ಜೊತೆಗೆ ರುಚಿ ಬದಲಾದರೆ ಪ್ರಾಣಿ ನೀರನ್ನೇ ಕಡಿಮೆ ಕುಡಿಯುತ್ತದೆ. ಕಲಬುರಗಿಯ ಬಿಸಿಲಿನಲ್ಲಿ ಅದು ಬೇರೆಯೇ ಗಂಡಾಂತರ. ಆರೋಗ್ಯವಂತ ಗಿನಿಪಿಗ್‌ಗೆ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 10 ಮಿಲಿಗ್ರಾಂ, ಕಾಯಿಲೆಯಾದಾಗ ಅಥವಾ ಗಬ್ಬವಿದ್ದಾಗ 30 ಮಿಲಿಗ್ರಾಂವರೆಗೆ ಬೇಕು. ಬರೀ ವಿಟಮಿನ್ ಸಿ ಇರುವ ಹನಿಯನ್ನು ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಿಂದ ಕೊಡಬೇಕು, ಅಳತೆಯನ್ನು ತೂಕ ನೋಡಿ ವೈದ್ಯರೇ ನಿರ್ಧರಿಸಲಿ. ಎ, ಡಿ ವಿಟಮಿನ್‌ಗಳು ಅತಿಯಾದರೆ ವಿಷವಾಗುವುದರಿಂದ ಮಲ್ಟಿವಿಟಮಿನ್ ಬೇಡ. ಮುಂದೆ ದಿನವೂ ಎರಡು ಬೆರಳಗಲದ ದೊಣ್ಣಮೆಣಸಿನಕಾಯಿ ಚೂರು ಕೊಟ್ಟರೆ ನಿತ್ಯದ ಅಗತ್ಯ ಬಹುಮಟ್ಟಿಗೆ ತೀರುತ್ತದೆ. ಪೇರಲದಲ್ಲಿ ಈ ವಿಟಮಿನ್ ಇನ್ನೂ ಹೆಚ್ಚಿದೆ, ಆದರೆ ಸಕ್ಕರೆಯೂ ಇರುವುದರಿಂದ ವಾರಕ್ಕೆರಡು ಸಣ್ಣ ಹೋಳು ಸಾಕು. ಕಡಲೆ ನಿಲ್ಲಿಸಿ. ಸೊಪ್ಪನ್ನು ಸ್ವಲ್ಪಸ್ವಲ್ಪವಾಗಿ ಆರಂಭಿಸಿ, ಒಣಹುಲ್ಲು ಮಾತ್ರ ಸದಾ ಎದುರಿಗಿರಲಿ.

ನಿಮ್ಮ ವೈದ್ಯರ ಬಳಿ "ಬೇರೆಯವರು ಹೀಗೆ ಹೇಳಿದರು" ಎಂದು ಮಾತು ತೆಗೆಯಬೇಡಿ. ಪೆಲೆಟ್ ಚೀಲವನ್ನು ಜೊತೆಗೆ ಒಯ್ದು, "ಸಾಹೇಬರೇ, ಇದಕ್ಕೆ ವಿಟಮಿನ್ ಸಿ ಈಗ ಯಾವುದರಿಂದ ಸಿಗುತ್ತಿದೆ?" ಎಂದಷ್ಟೇ ಕೇಳಿ. ನಡುರಾತ್ರಿ ಎದ್ದು ಬರುವ ವೈದ್ಯರು ಇಂಥ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ ಎಂಬುದು ನನ್ನ ನಂಬಿಕೆ. ಪ್ರಾಣಿ ತಿನ್ನುವುದನ್ನೇ ಬಿಟ್ಟರೆ ಮಾತ್ರ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಮರುಪ್ರಶ್ನೆ (ಅದೇ ಸದಸ್ಯೆ):

ಉಪಕಾರವಾಯಿತು ಸಾಹೇಬರೇ, ನಾಳೆ ಬೆಳಿಗ್ಗೆಯೇ ಹೋಗುತ್ತೇವೆ. ಒಣಹುಲ್ಲಿನ ಬದಲು ಹೊಲದ ಜೋಳದ ಕಣಕಿ ನಡೆಯುತ್ತದೆಯೇ? ಹಸಿ ಜೋಳದ ಎಲೆ, ಕುದುರೆ ಮಸಾಲೆ ಸೊಪ್ಪು ಕೂಡ ನಮ್ಮಲ್ಲಿ ಸಿಗುತ್ತವೆ.

ಉತ್ತರ:

ಕಣಕಿಯ ಒಣಗಿದ ಎಲೆಗಳನ್ನು ತಿಂದಾವು, ದಂಟು ಅವುಗಳ ಹಲ್ಲಿಗೆ ಒರಟು. ಗರಿಕೆ ಹುಲ್ಲನ್ನು ನೆರಳಿನಲ್ಲಿ ಒಣಗಿಸಿಟ್ಟುಕೊಂಡರೆ ಅದಕ್ಕಿಂತ ಮೇಲು. ಎಳೆಯ ಜೋಳ, ಕೂಳೆ ಜೋಳ, ಮಳೆಯಿಲ್ಲದೆ ಬಾಡಿದ ಜೋಳ ತಿಂದು ದನಗಳು ಸಾಯುವುದನ್ನು ನೀವೂ ಕೇಳಿರುತ್ತೀರಿ. ಅದರಲ್ಲಿ ಸೈನೈಡ್ ವಿಷ ಉಂಟಾಗುವುದರಿಂದ ಹಸಿ ಜೋಳದ ಎಲೆ ಬೇಡವೇ ಬೇಡ. ಕುದುರೆ ಮಸಾಲೆಯಲ್ಲಿ ಕ್ಯಾಲ್ಸಿಯಂ ಹೆಚ್ಚು, ಅದು ಮರಿಗಳಿಗೂ ಗಬ್ಬದ ಹೆಣ್ಣಿಗೂ ಸರಿ. ನಿಮ್ಮ ಒಂದೂವರೆ ವರ್ಷದ ಜೋಡಿಗೆ ಅಪರೂಪಕ್ಕೊಮ್ಮೆ ಒಂದೆರಡು ಕಡ್ಡಿ ಸಾಕು. ಹೋದಾಗ ಎರಡನೆಯ ಗಿನಿಪಿಗ್ ಅನ್ನೂ ಜೊತೆಗೆ ಒಯ್ಯಿರಿ, ಅದೂ ಐದು ವಾರ ಇದೇ ಆಹಾರ ತಿಂದಿದ್ದರೆ ಅದರ ಕೀಲುಗಳನ್ನೂ ನೋಡಬೇಕಾಗುತ್ತದೆ.