ಅಡ್ವಾನ್ಸ್ ವಾರ್ಸ್‌ನಲ್ಲಿ ಅಳಿಯನ ಕೈಲಿ ದಿನಾ ಸೋಲುತ್ತಿದ್ದೇನೆ, ದಾರಿ ಹೇಳಿ

ಸಿಂಧನೂರು ಮಾಮ

ನಮಸ್ಕಾರ ಎಲ್ಲರಿಗೂ. ಹೋದ ತಿಂಗಳು ಕೈಯಲ್ಲಿ ಹಿಡಿದು ಆಡುವ ಹಳೇ ಗೇಮ್‌ಬಾಯ್ ಅಡ್ವಾನ್ಸ್ ಒಂದು ಸಿಕ್ಕಿತು, ಜೊತೆಗೆ ಸರದಿ ಪ್ರಕಾರ ಸೈನ್ಯ ನಡೆಸುವ ಯುದ್ಧದಾಟ ಅಡ್ವಾನ್ಸ್ ವಾರ್ಸ್ ಕ್ಯಾಸೆಟ್. ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಇದನ್ನು ಕಂಡವರೇ ಇರಲಿಲ್ಲ. ನಮಗೆ ಗೊತ್ತಿದ್ದದ್ದು ಟಿವಿಗೆ ಹಾಕುವ ಡಬ್ಬಿ, ಅದರಲ್ಲಿ ಮಾರಿಯೋ, ಕಾಂಟ್ರಾ, ಆ ಇಟ್ಟಿಗೆ ಒಡೆಯುವ ಟ್ಯಾಂಕ್ ಆಟ, ಅಷ್ಟೇ.

ಈಗ ರಜೆಗೆ ಅಕ್ಕನ ಮಗ ಬಂದಿದ್ದಾನೆ, ಏಳನೇ ಕ್ಲಾಸು. ಒಂದೇ ಮಷಿನ್, ಅವನ ಸರದಿ ಮುಗಿದರೆ ನನ್ನ ಕೈಗೆ, ನನ್ನದು ಮುಗಿದರೆ ಅವನ ಕೈಗೆ. ಸೇನಾಪತಿಗಳಲ್ಲಿ ನಾನು ಮ್ಯಾಕ್ಸ್ ತಗೊಳ್ಳುತ್ತೇನೆ, ಟ್ಯಾಂಕ್‌ಗೆ ಜಾಸ್ತಿ ಬಲ ಅಂತ. ಅವನು ಸ್ಯಾಮಿ, ಕಾಲಾಳುಗಳಲ್ಲಿ ಪಳಗಿದ ಸೇನಾಪತಿ. ನಾನು ದುಡ್ಡು ಕೂಡಿಟ್ಟು 16,000 ಕೊಟ್ಟು ಮೀಡಿಯಂ ಟ್ಯಾಂಕ್ ಇಳಿಸುವಷ್ಟರಲ್ಲಿ ಮ್ಯಾಪ್ ತುಂಬಾ ಅವನ ಕಾಲಾಳುಗಳು ಇರುವೆ ಥರ ಹರಿದಾಡುತ್ತಿರುತ್ತಾರೆ. ಒಬ್ಬನನ್ನು ಹೊಡೆದರೆ ಇಬ್ಬರು ಬರುತ್ತಾರೆ. ನಿನ್ನೆಯಂತೂ ನನ್ನ ಟ್ಯಾಂಕೆಲ್ಲಾ ಮುಂದೆ ಹೋಗಿದ್ದಾಗ ಹಿಂದಿನಿಂದ ಗಾಡಿಯಲ್ಲಿ ಒಬ್ಬನನ್ನು ತಂದು ಇಳಿಸಿ ನನ್ನ ಎಚ್‌ಕ್ಯೂ, ಅಂದರೆ ಮುಖ್ಯ ಠಾಣೆ, ಹಿಡಿದುಬಿಟ್ಟ. ಆಟ ಮುಗಿಯಿತು. ಅಕ್ಕನಿಗೆ ಬೇರೆ ಹೋಗಿ ಹೇಳಿದ.

ಇನ್ನೊಂದು, ಸೇವ್ ಮಾಡಿ ಆಫ್ ಮಾಡಿದರೆ ಒಮ್ಮೊಮ್ಮೆ ಮರುದಿನ ಏನೂ ಇರುವುದಿಲ್ಲ. ಇದಕ್ಕೂ ಯಾರಾದರೂ ಹೇಳಿ.

ಗಂಗಾವತಿ ಗದ್ದೆ

ಫಿರಂಗಿ ತಗೊಳ್ಳಿ ಮಾಮ! ಆರ್ಟಿಲರಿ ಬರೀ 6,000. ಎರಡು ಮೂರು ಮನೆ ದೂರದಿಂದ ಹೊಡೆಯುತ್ತದೆ, ತಿರುಗಿ ಏಟು ಬೀಳುವುದಿಲ್ಲ. ಮುಂದೆ ನಾಲ್ಕು ಕಾಲಾಳು, ಹಿಂದೆ ಎರಡು ಫಿರಂಗಿ. ನಾನು ಹೀಗೇ ಇಡೀ ಆಟ ಮುಗಿಸಿದ್ದೇನೆ.

ಕೋಟೆಕಲ್ಲು, ಕೊಪ್ಪಳ

ಗದ್ದೆ ಅಣ್ಣಾ, ಮಾಮ ಆಡುತ್ತಿರುವುದು ಮ್ಯಾಕ್ಸ್ ಅಲ್ವಾ? ಮ್ಯಾಕ್ಸ್‌ನ ದೂರದ ಆಯುಧಕ್ಕೆಲ್ಲಾ ಒಂದು ಮನೆ ಕಡಿಮೆ. ಅವನ ಆರ್ಟಿಲರಿ ಸರಿಯಾಗಿ ಎರಡು ಮನೆ ದೂರಕ್ಕೆ ಮಾತ್ರ ಹೊಡೆಯುತ್ತದೆ, ಏಟಿನ ಬಲವೂ ಕಮ್ಮಿ. ಫಿರಂಗಿ ಇಷ್ಟವಿದ್ದರೆ ಗ್ರಿಟ್ ಅನ್ನುವ ಸೇನಾಪತಿಯನ್ನು ತಗೊಳ್ಳಬೇಕು. ಮತ್ತೆ ಆರ್ಟಿಲರಿ ಒಂದೇ ಸರದಿಯಲ್ಲಿ ಸರಿದು ಹೊಡೆಯುವುದಿಲ್ಲ, ಪಕ್ಕಕ್ಕೆ ಬಂದು ನಿಂತವನಿಗೆ ತಿರುಗಿ ಹೊಡೆಯುವುದೂ ಇಲ್ಲ. ಆ ಹುಡುಗ ಕಾಲಾಳುಗಳನ್ನು ನುಗ್ಗಿಸಿದರೆ ಫಿರಂಗಿ ಕತೆ ಮುಗಿಯಿತು. ನಿಮ್ಮ ಜಿಲ್ಲೆಯಲ್ಲೇ ನಡೆದಿಲ್ಲವೇ ಮಾಮ, 1520ರ ರಾಯಚೂರು ಯುದ್ಧ? ಆದಿಲ್ ಶಾಹನ ಫಿರಂಗಿ ಮೊದಲ ಸುತ್ತಿಗೆ ವಿಜಯನಗರದ ಸೈನ್ಯವನ್ನು ಹಿಂದಕ್ಕೆ ತಳ್ಳಿತು, ಆಮೇಲೆ ಕೃಷ್ಣದೇವರಾಯ ಉಳಿದವರನ್ನು ಕಟ್ಟಿಕೊಂಡು ಮೇಲೆ ಬಿದ್ದ, ಆ ಫಿರಂಗಿಗಳೇ ಅವನ ಕೈಗೆ ಸಿಕ್ಕವು.

ಈಗ ಲೆಕ್ಕಕ್ಕೆ ಬರೋಣ. ನೀವು ಸೋಲುತ್ತಿರುವುದು ಟ್ಯಾಂಕ್‌ನಿಂದಲ್ಲ, ಊರುಗಳಿಂದ. ಹಿಡಿದ ಒಂದೊಂದು ಊರೂ ದಿನಕ್ಕೆ (ಆಟದಲ್ಲಿ ಇಬ್ಬರದೂ ಒಂದೊಂದು ಸರದಿ ಮುಗಿದರೆ ಒಂದು ದಿನ) 1,000 ಕೊಡುತ್ತದೆ. ಕಾಲಾಳಿನ ಬೆಲೆಯೂ 1,000. ಅಂದರೆ ಊರು ಹಿಡಿದ ಮಾರನೇ ದಿನವೇ ಆ ಸಿಪಾಯಿಯ ಖರ್ಚು ವಸೂಲಿ, ಆಮೇಲೆ ಬರುವುದೆಲ್ಲಾ ಲಾಭ. ಅವನ ಹತ್ತಿರ 12 ಊರು, ನಿಮ್ಮ ಹತ್ತಿರ 6 ಇದ್ದರೆ ಮೂರು ದಿನಕ್ಕೆ ಅವನಿಗೆ 18,000 ಹೆಚ್ಚು ಸಿಗುತ್ತದೆ. ನೀವು ಕೂಡಿಟ್ಟು ಕೂಡಿಟ್ಟು ತಂದ ಮೀಡಿಯಂ ಟ್ಯಾಂಕ್ ಅವನಿಗೆ ಪುಗಸಟ್ಟೆ ಬಂದ ಹಾಗೆ. ಅದು ಸರದಿಗೆ ಒಬ್ಬನನ್ನೇ ಹೊಡೆಯುತ್ತದೆ, ಅವನಿಗೆ ಹೋಗುವುದು ಬರೀ ಸಾವಿರ ರೂಪಾಯಿ. ಇದು ಹುಲಿ-ಕುರಿ ಆಟ ಮಾಮ. ಹಂಪಿ ಮಂಟಪದ ಕಲ್ಲಿನ ಮೇಲೆ ಕೆತ್ತಿದ್ದಾರಲ್ಲಾ, ಅದೇ. ಅವನು ಕುರಿ ಆಡುತ್ತಿದ್ದಾನೆ, ನೀವು ಹುಲಿ. ಹುಲಿ ನಡುವೆ ಸಿಕ್ಕಿಕೊಂಡಿದೆ.

ಅದಕ್ಕೇ ಮೊದಲ ಮೂರು ನಾಲ್ಕು ದಿನ ಟ್ಯಾಂಕ್ ಕಡೆ ನೋಡಲೇಬೇಡಿ. ನೀವೂ ಕಾಲಾಳುಗಳನ್ನೇ ಇಳಿಸಿ ಊರು ಹಿಡಿಯಿರಿ. ಆಮೇಲೆ ಆ್ಯಂಟಿ-ಏರ್ ತಗೊಳ್ಳಿ. ವಿಮಾನ ಹೊಡೆಯುವ ಗಾಡಿ ಯಾಕೆ ಅಂತ ನಗಬೇಡಿ. ಅದರ ಬೆಲೆ 8,000, ನಿಮ್ಮ ಮೀಡಿಯಂ ಟ್ಯಾಂಕ್‌ನ ಅರ್ಧ. ಆರು ಮನೆ ಓಡುತ್ತದೆ, ಮೀಡಿಯಂ ಟ್ಯಾಂಕ್ ಐದೇ ಮನೆ. ಬಯಲಲ್ಲಿ ನಿಂತ ಕಾಲಾಳು ಮ್ಯಾಕ್ಸ್‌ನ ಆ್ಯಂಟಿ-ಏರ್‌ಗೆ ಸಿಕ್ಕರೆ ಒಂದೇ ಏಟು. ಊರೊಳಗೆ ಕೂತವನು ಮಾತ್ರ ಒಂದೆರಡು ಅಂಕ ಉಳಿಸಿಕೊಳ್ಳುತ್ತಾನೆ, ಬೆಟ್ಟ ಹತ್ತಿದವನಂತೂ ಇನ್ನೂ ಗಟ್ಟಿ. ಆದರೆ ಟ್ಯಾಂಕ್ ಬಂದರೆ ಆ್ಯಂಟಿ-ಏರ್ ನಿಲ್ಲುವುದಿಲ್ಲ, ಜೊತೆಗೆ 7,000ದ ಸಾದಾ ಟ್ಯಾಂಕ್ ಒಂದು ಇರಲಿ.

ಇನ್ನು ಊರು ಹಿಡಿಯುತ್ತಿರುವವನನ್ನು ಪೂರ್ತಿ ಕೊಲ್ಲಲೇಬೇಕು ಅಂತಿಲ್ಲ. ಊರಿಗೆ 20 ಅಂಕ. ಸಿಪಾಯಿಯ ಬಲ ಎಷ್ಟೋ ದಿನಕ್ಕೆ ಅಷ್ಟು ಇಳಿಯುತ್ತದೆ, ಸ್ಯಾಮಿಯವರಾದರೆ ಅದರ ಒಂದೂವರೆ ಪಟ್ಟು. 10 ಬಲದವನು ಎರಡು ದಿನದಲ್ಲಿ ಹಿಡಿಯುತ್ತಾನೆ. ಅವನನ್ನು 4ಕ್ಕೆ ಇಳಿಸಿದರೆ ದಿನಕ್ಕೆ ಆರೇ ಅಂಕ, ಸುಮ್ನೆ ಕೂತು ಬೆವರು ಸುರಿಸಬೇಕು.

ಎಚ್‌ಕ್ಯೂ ಮೇಲೆ ನಿಮ್ಮ ಸಾವಿರ ರೂಪಾಯಿಯ ಒಬ್ಬ ಸಿಪಾಯಿಯನ್ನು ಕೂರಿಸಿ. ನಿಮ್ಮವನು ಅಲ್ಲಿ ಇರುವವರೆಗೂ ಇನ್ನೊಬ್ಬ ಕಾಲಿಡಲಾರ.

ಗಂಗಾವತಿ ಗದ್ದೆ

ಮ್ಯಾಕ್ಸ್ ವಿಷಯ ಒಪ್ಪಿದೆ, ನಾನು ಗ್ರಿಟ್ ತಗೊಂಡೇ ಆಡಿದ್ದೆ. ಆದರೆ ಬರೀ ಕಾಲಾಳು ತುಂಬಿಸಿ ಗೆಲ್ಲುವುದು ಒಂದು ಗೆಲುವೇನ್ರೀ? ಒಬ್ಬರೇ ಆಡುವಾಗ ಕೊನೆಗೆ ವೇಗ, ಬಲ, ಚಾಕಚಕ್ಯತೆ ಅಂತ ಒಂದೊಂದಕ್ಕೆ 100 ಅಂಕ ಕೊಡುತ್ತಾರಲ್ಲಾ, ಸಿಪಾಯಿಗಳನ್ನು ಸಾಯಿಸಿ ಸಾಯಿಸಿ ಗೆದ್ದರೆ ಅದರಲ್ಲಿ ಮಣ್ಣು ಮುಕ್ಕುತ್ತೀರಿ.

ಕೋಟೆಕಲ್ಲು, ಕೊಪ್ಪಳ

ಮಾಮನಿಗೆ ಅಂಕ ಬೇಡ ಅಣ್ಣಾ, ಮರ್ಯಾದೆ ಬೇಕು.

ಬಳ್ಳಾರಿ ಬಿಸಿಲು

ಸೇವ್ ಬಗ್ಗೆ ನಾನು ಹೇಳುತ್ತೇನೆ. ನಿಮ್ಮ ಕ್ಯಾಸೆಟ್ ಡೂಪ್ಲಿಕೇಟ್ ಇರಬೇಕು. ಅಸಲಿ ಅಡ್ವಾನ್ಸ್ ವಾರ್ಸ್‌ನಲ್ಲಿ ಸೇವ್ ಆಗುವುದು ಫ್ಲ್ಯಾಶ್ ಮೆಮೊರಿಯಲ್ಲಿ, ಅದಕ್ಕೆ ಒಳಗೆ ಸೆಲ್ ಬೇಕಿಲ್ಲ. ನಕಲಿ ಮಾಡುವವರು ಎಷ್ಟೋ ಸಲ ಅಗ್ಗದ ಚಿಪ್ ಹಾಕಿ ಒಂದು ಚಿಕ್ಕ ಬಟನ್ ಸೆಲ್ ಕೂರಿಸಿರುತ್ತಾರೆ, ಸೆಲ್ ಸತ್ತರೆ ಸೇವ್ ಹೋಯಿತು. ಹಿಂದೆ ಇರುವುದು ಮೂರು ಮೂಲೆಯ ಸ್ಕ್ರೂ, ಸಾದಾ ಸ್ಕ್ರೂಡ್ರೈವರ್ ಹಾಕಿ ಹಾಳು ಮಾಡಬೇಡಿ. ನಾನು ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಮೊಬೈಲ್ ರಿಪೇರಿಯವರ ಹತ್ತಿರ ಸರಿಯಾದದ್ದು ಇದ್ದರೆ ಬಿಚ್ಚಿಸಿ ನೋಡಿ. ಒಳಗೆ ಸೆಲ್ ಕಂಡರೆ ಅನುಮಾನವೇ ಬೇಡ. ಬೆಸುಗೆ ಹಾಕಿ ಹೊಸದು ಕೂರಿಸಬಹುದು. ಅಲ್ಲಿಯವರೆಗೆ ಯುದ್ಧ ಒಂದೇ ಕೂತಲ್ಲಿ ಮುಗಿಸಿ.

ಅಂದಹಾಗೆ ಈ ಆಟಕ್ಕೆ ಯುದ್ಧದ ಕಾಟ ಬಿಟ್ಟಿದ್ದೇ ಇಲ್ಲ. ಅಮೆರಿಕದಲ್ಲಿ ಬಿಡುಗಡೆಯಾಗಿದ್ದು 2001 ಸೆಪ್ಟೆಂಬರ್ 10. ಮಾರನೇ ದಿನವೇ ನ್ಯೂಯಾರ್ಕ್ ದಾಳಿ. ಜಪಾನ್‌ನವರದೇ ಆಟ, ಅಲ್ಲಿ ಮಾತ್ರ 2004ರವರೆಗೆ ಬರಲೇ ಇಲ್ಲ. ನಿಂಟೆಂಡೊ ಸ್ವಿಚ್ ಮಷಿನ್‌ಗೆ ಹೊಸದಾಗಿ ಮಾಡಿದ್ದನ್ನೂ 2022ರಲ್ಲಿ ಉಕ್ರೇನ್ ಯುದ್ಧ ಶುರುವಾಯಿತು ಅಂತ ಮುಂದೆ ಹಾಕಿ 2023ರ ಏಪ್ರಿಲ್‌ನಲ್ಲಿ ಬಿಟ್ಟರು.

ಒಂದು ಪ್ರಶ್ನೆ. ಹಳೇ ಮಾಡೆಲ್ ಆದರೆ ಸ್ಕ್ರೀನ್‌ಗೆ ಬೆಳಕೇ ಇಲ್ಲವಲ್ಲ, ಹೇಗೆ ಆಡುತ್ತೀರಿ?

ಸಿಂಧನೂರು ಮಾಮ

ಬಾಗಿಲ ಮುಂದಿನ ಬೇವಿನ ಮರದ ಕೆಳಗೆ, ಬೆಳಿಗ್ಗೆ ಹತ್ತರೊಳಗೆ. ಆಮೇಲೆ ನಮ್ಮ ಬಿಸಿಲಿಗೆ ಯಾವ ಸೈನ್ಯವೂ ನಿಲ್ಲುವುದಿಲ್ಲ. ಒಳಗೆ ಹೋದರೆ ಟ್ಯಾಂಕ್ ಯಾವುದು, ಗುಡ್ಡ ಯಾವುದು ಕಾಣುವುದಿಲ್ಲ.

ಕ್ಯಾಸೆಟ್ ಬಿಚ್ಚಿಸಿದೆ, ಒಳಗೆ ಸೆಲ್ ಇದೆ. ಡೂಪ್ಲಿಕೇಟೇ.

ಕೋಟೆಕಲ್ಲು ಹೇಳಿದ ಹಾಗೆ ನಿನ್ನೆ ಆಡಿದೆ. ಐದನೇ ದಿನದ ಹೊತ್ತಿಗೆ ಇಬ್ಬರದೂ ಊರು ಸಮ. ಎರಡು ಆ್ಯಂಟಿ-ಏರ್ ಇಳಿಸಿದ್ದೇ ತಡ, ಸೇತುವೆ ಹತ್ತಿರ ಅವನ ಆರು ಜನ ಎರಡು ಸರದಿಗೆ ನೆಲಸಮ. ಹುಡುಗನ ಮುಖ ನೋಡಬೇಕಿತ್ತು! ಎಚ್‌ಕ್ಯೂ ಹತ್ತಿರ ಮತ್ತೆ ಗಾಡಿ ತಂದ, ನನ್ನ ಸಿಪಾಯಿ ಮೇಲೆ ಕೂತಿದ್ದ, ಸುತ್ತ ಎರಡು ಸುತ್ತು ಹಾಕಿ ವಾಪಸ್ ಹೋಯಿತು. ಗೆದ್ದೆ.

ಇವತ್ತು ಬೆಳಿಗ್ಗೆ ಮತ್ತೆ ಆಡಿದೆವು. ಅವನು ಮ್ಯಾಕ್ಸ್ ಬೇಕು ಅಂದ, ಪಾಪ ಅಂತ ಕೊಟ್ಟೆ. ಸಾದಾ ಟ್ಯಾಂಕ್ ಮೂರು ತಂದು ನನ್ನ ಆ್ಯಂಟಿ-ಏರ್ ಎಲ್ಲಾ ಪುಡಿ ಮಾಡಿದ. ನಾನು ಟ್ಯಾಂಕ್ ಜೊತೆಗೆ ಇಡುವುದನ್ನು ಮರೆತಿದ್ದೆ.

ನಾಡಿದ್ದು ಅವನು ರಾಯಚೂರಿಗೆ ವಾಪಸ್. ಮಷಿನ್ ಜೊತೆಗೆ ಒಯ್ಯುತ್ತೇನೆ ಅಂತ ಅಕ್ಕನ ಕೈಲಿ ಹೇಳಿಸಿದ್ದಾನೆ.