ಮನೆಯಲ್ಲೇ ಹೆರಿಗೆ ಈಗಲೂ ಆಗುತ್ತಾ? ಸೂಲಗಿತ್ತಿಯರ ಬಗ್ಗೆ ಗೊತ್ತಿದ್ದವರು ಹೇಳಿ

ಶಿರಾ ಸೊಸೆ:
ನನಗೀಗ ಏಳು ತಿಂಗಳು, ಚೊಚ್ಚಲ ಬಸಿರು. ಸ್ಕ್ಯಾನಿಂಗ್ ಎಲ್ಲ ಸರಿಯಿದೆ, ಬಿಪಿ, ಶುಗರ್ ಇಲ್ಲ. ನಮ್ಮ ಅತ್ತೆಯ ತವರು ಪಾವಗಡದ ಕಡೆ, ಮಾತೆತ್ತಿದರೆ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಸುದ್ದಿ. ದುಡ್ಡು ಮುಟ್ಟದೆ ಹದಿನೈದು ಸಾವಿರಕ್ಕೂ ಜಾಸ್ತಿ ಹೆರಿಗೆ ಮಾಡಿಸಿದ ಅಜ್ಜಿ. 2018ರಲ್ಲಿ ಪದ್ಮಶ್ರೀ ಬಂತು, ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡರು. ಇದನ್ನೆಲ್ಲ ಕೇಳಿ ನನಗೂ ಮನೆಯಲ್ಲೇ ಹೆರಬೇಕು ಅನ್ನಿಸುತ್ತಿದೆ. ನಮ್ಮ ಅಕ್ಕ ಆಸ್ಪತ್ರೆಯಲ್ಲಿ ಹೆರುವಾಗ ಅಮ್ಮನನ್ನೂ ಒಳಗೆ ಬಿಡಲಿಲ್ಲ, ನೋವು ತಿನ್ನುತ್ತಿದ್ದವಳನ್ನು ಮಗ್ಗುಲಾಗಲೂ ಬಿಡದೆ ಅಂಗಾತ ಮಲಗಿಸಿದ್ದರು, ಕಿರುಚಿದರೆ ಬೈಗುಳ ಬೇರೆ. ನನಗದು ಬೇಡ. ಬಾಣಂತನದ ಬಗ್ಗೆಯೂ ಹೇಳಿ.

ನಿವೃತ್ತ ಎಎನ್‌ಎಂ:
ನೋಡು ತಾಯಿ, ನಾನು ಹಳ್ಳಿಗಳಲ್ಲಿ ಸೂಲಗಿತ್ತಿಯರ ಜೊತೆಯಲ್ಲೇ ಕೆಲಸ ಮಾಡಿದವಳು. ಅವರು ಬೆನ್ನು ನೀವುತ್ತಾ, ಗಂಜಿ ಕುಡಿಸುತ್ತಾ, ಮನೆಯೊಳಗೇ ಓಡಾಡಿಸುತ್ತಾ, ಬೇಕಾದರೆ ಕುಕ್ಕರಗಾಲಲ್ಲಿ ಕೂರಿಸಿ, ಎಷ್ಟು ಹೊತ್ತಾದರೂ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಈಗ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳುತ್ತದೆ. ಜೊತೆಗೆ ಬೇಕಾದವರಿರಲಿ, ಅವಳಿಗೆ ಹೇಗೆ ಹಿತವೋ ಹಾಗಿರಲಿ, ಹೊಕ್ಕಳಬಳ್ಳಿ ಕತ್ತರಿಸಲು ಒಂದು ನಿಮಿಷವಾದರೂ ತಡೆಯಿರಿ, ಒಂದು ಗಂಟೆಯೊಳಗೆ ಎದೆಹಾಲು ಕೊಡಿ ಅಂತ.

ಆದರೆ ಮನೆ ಹೆರಿಗೆಗೆ ನಾನು ಹೂಂ ಅನ್ನಲಾರೆ. ಎಲ್ಲ ಸರಿಯಿದ್ದವರಿಗೂ ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗದೆ ಹೋಗಬಹುದು. ಹೊಟ್ಟೆ ಮುಟ್ಟಿದರೆ ಗಟ್ಟಿ ಉಂಡೆಯಂತೆ ಸಿಗಬೇಕಾದದ್ದು ಮೆತ್ತಗಿರುತ್ತದೆ, ನೋಡನೋಡುತ್ತಲೇ ಹಾಸಿದ ಸೀರೆ ತೊಯ್ದು ಹೋಗುತ್ತದೆ. ಆಗ ಆಕ್ಸಿಟೋಸಿನ್ ಇಂಜೆಕ್ಷನ್, ಡ್ರಿಪ್, ರಕ್ತ ಎಲ್ಲ ಕೈಗೆ ಸಿಗುವಂತಿರಬೇಕು. 108ಕ್ಕೆ ಕಾಯುವಷ್ಟು ಹೊತ್ತು ಇರುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಿಗೆ 2017ರಲ್ಲಿ ಬಂದ ಲಕ್ಷ್ಯ ಕಾರ್ಯಕ್ರಮದಲ್ಲಿ ಹೆರಿಗೆ ಕೋಣೆಗೆ ಜೊತೆಗಾತಿಯನ್ನು ಬಿಡಬೇಕು ಅಂತಲೇ ಇದೆ. ಈಗಲೇ ಹೋಗಿ ಕೇಳು, ನೋವು ಬಂದ ಮೇಲಲ್ಲ.

ಮೈಸೂರಿಂದ ಹಾಲೆಂಡಿಗೆ:
ಇಲ್ಲಿ ಮನೆ ಹೆರಿಗೆ ಹೊಸದೇನಲ್ಲ. ನನ್ನ ಪಕ್ಕದ ಮನೆಯವಳ ಎರಡನೇ ಮಗು ಅವಳ ಮಂಚದಲ್ಲೇ ಹುಟ್ಟಿತು. ಸೂಲಗಿತ್ತಿಗೆ ಬೆನ್ನು ನೋವಾಗಬಾರದು ಅಂತ ಮಂಚದ ಕಾಲಿಗೆ ದಿಮ್ಮಿ ಕೊಟ್ಟು ಎತ್ತರಿಸಿದ್ದರು. ಆದರೆ ಇಲ್ಲಿಯ ಸೂಲಗಿತ್ತಿ ನಾಲ್ಕು ವರ್ಷ ಓದಿ ಬಂದವಳು, ಇಂಜೆಕ್ಷನ್ ಬ್ಯಾಗಲ್ಲೇ ಇರುತ್ತದೆ, ತೊಂದರೆ ಇಲ್ಲದ ಬಸುರಿಯರಿಗೆ ಮಾತ್ರ ಒಪ್ಪುತ್ತಾರೆ. ಚೊಚ್ಚಲಿನವರಲ್ಲಿ ಎಷ್ಟೋ ಜನರನ್ನು ನೋವಿನ ನಡುವೆಯೇ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಆ ಏರ್ಪಾಡು ನಿಮ್ಮೂರಲ್ಲಿ ಇಲ್ಲದಿದ್ದರೆ ಸುಮ್ನೆ ಹೋಲಿಸಬೇಡಿ. ನನಗೆ ಹಿಡಿಸಿದ್ದು ಆಮೇಲಿನದು. ಹೆರಿಗೆಯಾದ ಮೇಲೆ ಒಂದು ವಾರದಷ್ಟು ದಿನ ನರ್ಸ್ ಒಬ್ಬರು ಮನೆಗೇ ಬಂದು ತಾಯಿ, ಮಗು ಇಬ್ಬರನ್ನೂ ನೋಡಿಕೊಳ್ಳುತ್ತಾರೆ.

ಹಾವೇರಿ ಮೊಮ್ಮಗಳು:
ನಮ್ಮಜ್ಜಿ ಸೂಲಗಿತ್ತಿ. ಅವರ ಪ್ರಕಾರ ಹೆರಿಗೆ ಒಂದು ದಿನದ್ದು, ಬಾಣಂತನವೇ ಅಸಲು ಕೆಲಸ. ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು, ಅಳವಿ ಪಾಯಸ, ಉತ್ತತ್ತಿ ಕೊಬ್ಬರಿ ಹಾಕಿದ ಅಂಟಿನುಂಡಿ, ಮನೆಗೆಲಸ ಮುಟ್ಟಿಸದೆ ನಿದ್ದೆ ಮಾಡಿಸುವುದು, ಇದೆಲ್ಲ ಖಂಡಿತ ಮಾಡಿಸಿಕೊಳ್ಳಿ. ಸಿಸೇರಿಯನ್ ಆದರೆ ಮಾತ್ರ ಹೊಟ್ಟೆ ತಿಕ್ಕಿಸಬೇಡಿ. ಬಾಗಿಲು ಮುಚ್ಚಿ ಹೊರಸಿನ ಕೆಳಗೆ ಕೆಂಡ ಇಡುವುದು ಬೇಡವೇ ಬೇಡ, ಆ ಹೊಗೆ ಕೂಸಿಗೆ ಆಗುವುದಿಲ್ಲ. ಬಾಣಂತಿಗೆ ನೀರು ಕೊಡಬಾರದು, ಮೊದಲ ದಿನದ ಹಳದಿ ಹಾಲು ಹಿಂಡಿ ಚೆಲ್ಲಬೇಕು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹೊಕ್ಕಳಿಗೂ ಏನೂ ಹಚ್ಚಬೇಡಿ, ಒಣಗಲಿ. ಆಶಾ ಅಕ್ಕ 3, 7, 14, 21, 28, 42ನೇ ದಿನ ಮನೆಗೆ ಬರಬೇಕು, ಬರದಿದ್ದರೆ ಫೋನ್ ಮಾಡಿ ಕರೆಸಿ. ಜ್ವರ, ವಾಸನೆ ಬರುವ ಸ್ರಾವ, ಜಾಸ್ತಿ ರಕ್ತ ಕಂಡರೆ ಮಾತ್ರ ಯಾರಿಗೂ ಕಾಯದೆ ಆಸ್ಪತ್ರೆಗೆ ಹೋಗಿ. ವಾರಗಟ್ಟಲೆ ಬಾಣಂತಿಯ ಅಳು ನಿಲ್ಲದಿದ್ದರೂ ಅಷ್ಟೇ, ಗಾಳಿ ಸೋಕಿದೆ ಅಂತ ದಾರ ಕಟ್ಟಿಸಿ ಕೂರಬೇಡಿ.

ಶಿರಾ ಸೊಸೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಸ್ಪತ್ರೆಗೇ ಹೋಗುತ್ತೇನೆ, ಅಮ್ಮನನ್ನು ಒಳಗೆ ಬಿಡುತ್ತಾರಾ ಅಂತ ಮುಂದಿನ ಚೆಕಪ್‌ನಲ್ಲೇ ಕೇಳುತ್ತೇನೆ. ಹಾವೇರಿ ಅಕ್ಕ, ಅಂಟಿನುಂಡಿ ಎಷ್ಟನೇ ದಿನದಿಂದ ತಿನ್ನಬಹುದು?